ಎರವಿನ ಚಿಲಖತ್ತು

ಹಲೋ… ಹಲೋ, ಕೋಣ ಬೋಲತಾಯ, ಯಾರ ಮಾತಾಡೂದು? ಗಡಹಿಂಗ್ಲಜದ ಯಮುನಾಬಾಯಾರ ಮನಿ ಅಲ್ಲೇನ್ರಿ ಇದು? …

ಹಾಂ, ಕೇದಾರ ಏನಪಾ. ನಾ ಇಚಲಕರಂಜಿ ದಾದಾಸಾಹೇಬ. ಸಮ್ಮೇದನ ಅಪ್ಪ. … ಹೌದ ಹೌದ, ಆ ಚಿಲಖತ್ತಿನ, ಕಬ್ಬಣದ ಉಂಗರದ ಅಂಗೀ ಹುಚ್ಚ ಹುಡುಗ. ಅವನ ಅಪ್ಪ. …

ಇಲ್ಲಪಾ, ಅಂವಾ ಅಲ್ಲ, ನಾನಽ ಮಾಡೇನಿ ಫೋನ. ನಂಬರ ಅವನ ವಹಿಯೊಳಗಿಂದ ತಗೊಂಡೆ. ಆರ ವರ್ಷದ ಹಿಂದ ಅಂವಾ ನಿಮ್ಮ ಆಯಿಗೆ, ಯಮುನಾಬಾಯಾರಿಗೆ, ಒಂದ ಮಾತ ಕೊಟ್ಟಿದ್ದಾ. ಅದರ ಸಲುವಾಗಿ ಮಾತಾಡೂದೈತಿ. … ನಿನ್ನ ಮುಂದ ಬ್ಯಾಡಪಾ. ಸಿಟ್ಟ ಮಾಡಬ್ಯಾಡ. ಮಾತ ಕೊಟ್ಟದ್ದ ಅವರಿಗೆ, ಹೇಳೂದೂ ಅವರಿಗೇ. …

ಈ ಸಪ್ಪಳಾ? ಶಿರೋಳಿ ಕಾರಖಾನೀದು. ಊಟದ ಸುಟ್ಟಿ ಆಗೇತಿ, ಗೇಟಿನ ಹೊರಗ ಬಂದ ನಿಂತೇನಿ. … ಹಾಂ, ಕೊಡಪಾ, ಕೊಡು. …

ಹಲೋ, ಅವ್ವಾರ… ನಮಸ್ಕಾರ್ರಿ. ಕೇಳಸ್ತೈತೇನ್ರಿ? ಜೋರ್ಲೆ ಮಾತಾಡ್ಲ್ಯಾ? … ನಾ ಸಮ್ಮೇದನ ಅಪ್ಪ್ರಿ. … ಹೌದ್ರಿ, ಆರ ವರ್ಷದಾಗ ನಾ ಒಮ್ಮೆನೂ ನಿಮ್ಮ ಮನಿಗೆ ಬಂದಿಲ್ಲ. ಅಂವಾ ಒಬ್ಬನಽ ಬರತಿದ್ದಾ. ಕಾರಖಾನಿ ಬಿಟ್ಟ ನನಗ ಬ್ಯಾರೆ ಊರ ಗೊತ್ತಿಲ್ಲ ನೋಡ್ರಿ. …

ಅಂವಾ ಹೇಳಿದ್ದ ನೆನಪೈತ್ರಿ, ನೆನಪಿಲ್ಲದ ಏನು. ನಿಮ್ಮ ಮನೀ ಚಿಲಖತ್ತ ನೋಡಾಕಂತ ಮೊದಲ ಸಲ ಬಂದಾಗ ಅಂವಾ ಹತ್ತೊಂಬತ್ತ ವರ್ಷದಾಂವ. ನೀವು ಹೊಸ್ತಲದಾಗಽ ನಿಂದರಿಸಿದ್ರಿ. ಒಳಗ ಕರದದ್ದು, ವೀರಭದ್ರನ ಮುಂದ ವಿಭೂತಿ ಮುಟ್ಟಿಸಿ ಹೇಳಿಸಿಕೊಂಡ ಮ್ಯಾಲ. ಏನ ಹೇಳಿದ್ದಾ… "ಇದ್ದದ್ದ ಇದ್ದಂಗ ಇರತೈತಿ ಆಯಿ, ಈ ಚಿಲಖತ್ತಿನ ಮ್ಯಾಲಿನ ಕರಿ ಎಳ್ಳಿನಷ್ಟೂ ಅಳಸೂದಿಲ್ಲ." ಹೌದಲ್ರಿ? … ಅದಽ. ಜೈನರ ಹುಡುಗ ವಿಭೂತಿ ಮುಟ್ಟಿ ಬಂದಾನಂತ ಅವನವ್ವ ಅಲಕಾ ಭಾಳ ನಕ್ಕಿದ್ಲು. …

ಹಾಂ? ಊಟಕ್ಕೇನ್ರಿ? … ನವಮಿಗೆ ನಾವೂ ಬರಬೇಕಾ? ಅಲಕಾನ್ನೂ ಕರಕೊಂಡ? … ಉಳ್ಳಾಗಡ್ಡಿ ಹಾಕಲಾರದ ನಮಗ ಬ್ಯಾರೆ ಮಾಡ್ತೀರಾ? … ಬ್ಯಾಡ್ರಿ ಅವ್ವಾರ. ಇಷ್ಟ ಮಾಡಬ್ಯಾಡ್ರಿ ನಮಗ. …

ಸ್ನೇಹಲ… ಹೌದ್ರಿ, ಕೇದಾರನ ಹೆಂಡತಿ. ಸಮ್ಮೇದ ಹೇಳ್ಯಾನ್ರಿ. ನಿಮ್ಮ ಮನಿಗೆ ಬಂದ ಸೊಸಿ ಖಂಡೇನವಮಿ ದಿನ ಆ ಕಬ್ಬಣದ ಅಂಗಿಗೆ ಬೆರಳಲೆ ಅಗಸಿ ಎಣ್ಣಿ ಹಚ್ಚಬೇಕಂತ. ಹಚ್ಚಿದ ಮ್ಯಾಲೇ ಆಕಿ ಮನೀ ಮಗಳು. … ನಿಮ್ಮದು ಹತ್ತನೇ ಕೈ ಏನ್ರಿ? ಕೇದಾರನ ಅವ್ವಂದ ಹನ್ನೊಂದು… ಸ್ನೇಹಲಂದು ಹನ್ನೆರಡನೇದ ಆಗ್ತಿತ್ತು. …

ಏನಂದೆ ನಾ? … "ಆಗ್ತಿತ್ತು" ಅಂದೆನಾ. …

ಅವ್ವಾರ, ಒಂದ ಗಳಿಗಿ ನನ್ನ ಮಾತ ಕೇಳ್ರಿ. ನಡುವ ಏನೂ ಕೇಳಬ್ಯಾಡ್ರಿ, ಇಲ್ಲಂದ್ರ ನನಗ ಹೇಳೂದ ಆಗೂದಿಲ್ಲ. …

ಇಲ್ರಿ, ಅವಗೇನೂ ಆಗಿಲ್ಲ. ಆರಾಮ ಅದಾನ. ಆರಾಮಂದ್ರ… ಜೀವಕ್ಕೇನೂ ಆಗಿಲ್ರಿ. …

ಇಪ್ಪತ್ತೇಳ ವರ್ಷ ಆತ್ರಿ ನಾ ಈ ಎರಕದ ಕಾರಖಾನ್ಯಾಗ. ಮಗನ ಈ ನಾದ, ಈ ಹುಚ್ಚ, ನನಗ ಎಂದೂ ತಿಳೀಲಿಲ್ಲ. ಹಗಲೆಲ್ಲಾ ಕೊಲ್ಹಾಪುರದಾಗ ಚಪ್ಪಲಿ ಅಂಗಡ್ಯಾಗ ದುಡೀತಾನ. ಮನಿಗೆ ಬಂದ ಕೂಡಲೇ ತಂತಿ ಸುತ್ತಾಕ ಕುಂಡ್ರತಾನ. ಸುತ್ತತಾನ, ಕತ್ತರಸ್ತಾನ, ಒಂದ ಉಂಗರಕ್ಕ ನಾಕ ಉಂಗರ ಸಿಗಿಸಿ ಸಣ್ಣ ರಿವೀಟ ಬಡೀತಾನ. ನಿಮ್ಮ ಅಂಗಿ ಹಂಗಽ ಇನ್ನೊಂದ ಅಂಗಿ ಆಗಬೇಕಂತ. ಗೆಳ್ಯಾರನ್ನ ಕಟಗೊಂಡ, ಹಳೇ ಕಾಲದ ಸಿಪಾಯಿ ವೇಷದಾಗ ಪನ್ಹಾಳಗಡ ಹತ್ತತಾನ. ಯಾಕೋ ಅಂದ್ರ, ಆಗಿನ ಮಂದಿ ಇದನ್ನ ಹೊತ್ತು ಹೆಂಗ ಹತ್ತಿದ್ರು ನೋಡಬೇಕು ಅಪ್ಪಾ ಅಂತಾನ. "ಬೆವರಕೋತ ಹತ್ತಿದ್ರು, ಮತ್ತ ಹೆಂಗ ಹತ್ತತಾರ" ಅಂತ ನಾ ಚ್ಯಾಷ್ಟಿ ಮಾಡ್ತಿದ್ದೆ. …

ಕತ್ತಿ ಗಿತ್ತಿ ಇಲ್ರಿ. ಅಲಕಾ ಒಂದಽ ಕರಾರ ಹಾಕಿದ್ಲು. ಹೊಡಿಯೂ ಸಾಮಾನ ನಮ್ಮ ಮನ್ಯಾಗ ಬ್ಯಾಡ, ತಡಿಯೂದ ಬೇಕಾದ್ರ ಮಾಡು ಅಂತ. ಅದಕ್ಕ ಅಂಗಿ ಹಿಡದ ಕುಂತಾ. … ಹೌದ್ರಿ, ನಗೂಹಂಗಽ ಐತಿ. …

ಶ್ರಾವಣದಾಗ ನೀವು ನಿಮ್ಮ ಅಂಗಿ ಟ್ರಂಕಸಹಿತ ಕೊಟ್ಟ ಕಳಿಸಿದ್ರಿ. ಉಂಗರ ಎಣಿಸ್ಕೋ, ಅಳತಿ ತಗೋ, ನವಮಿಯೊಳಗ ತಂದ ಇಡು ಅಂದ್ರಿ. ಎಸ್‌ಟಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟಗೊಂಡ ತಂದಾನ್ರಿ, ಬಾಣಂತಿ ಕೂಸ ತಂದ್ಹಂಗ. ಯಾರಿಗೂ ಮುಟ್ಟಗೊಡಲಿಲ್ಲ. …

ನನಗೂ ಅಂವಾ ಹೇಳಿದ್ದಾ ನೋಡ್ರಿ. ಖರೇ ಹೇಳ್ತೇನಿ, ಹೇಳಿದ್ದಾ. ಕರಿ ಮುಟ್ಟಬ್ಯಾಡ ಅಪ್ಪಾ ಅಂತ. ನಾ ಉಣ್ಣಾಕ ಕುಂತಿದ್ದೆ, ಹೂಂ ಅಂದೆ. ದುಡದ ದಣದ ಬಂದಾವ್ರು ಎಲ್ಲಾದಕ್ಕೂ ಹೂಂ ಅಂತೇವ್ರಿ. ಕಿವ್ಯಾಗ ಇಳದಿದ್ದಿಲ್ಲ ಅದು. …

ಇಲ್ರಿ. ಕಳದಿಲ್ಲ. ಕಳವೂ ಆಗಿಲ್ಲ. … ಮಾರತೇವೇನ್ರಿ! ನಿಮ್ಮ ಪಾದದಾಣಿ, ಅಂಥಾ ಮಂದಿ ಅಲ್ಲ ನಾವು. …

ಸ್ವಚ್ಛ ಮಾಡಿದೆ. …

ಹೂಂ. ಸ್ವಚ್ಛ. … ಅಂವಾ ಅಲ್ರಿ. ನಾನು. ನಾನಽ. …

ಸೋಮವಾರ. ಹಬ್ಬದ ಗಿರಾಕಿ ಭಾಳ ಅಂತ ಅಂವಾ ಎರಡ ದಿನ ಕೊಲ್ಹಾಪುರದಾಗಽ ಉಳದಿದ್ದಾ. ನಾ ಟ್ರಂಕ ತಗದ ನೋಡಿದೆ. ಕರ್ರಗ, ಅಂಟ ಅಂಟ. ನನಗ ನಾಚಿಕಿ ಬಂತ್ರಿ. ಎರವ ತಂದ ಭಾಂಡಿ ಮಸಿ ಸುದ್ದಾ ವಾಪಸ ಕೊಟ್ರ ಮನೀ ಮಾನ ಹೋಗತೈತಿ ಅಂತ ನಮ್ಮವ್ವ ಹೇಳಾಕಿ. ನಮ್ಮ ಕಾರಖಾನ್ಯಾಗೂ ಅದಽ ರೂಢಿ. ಕರೀ ಮಾಲ ಗೇಟ ದಾಟೂದಿಲ್ಲ. ಅಚ್ಚ ಒಡದ ತಗದ ಎರಕಾನ್ನ ಒಂದ ದೊಡ್ಡ ಡ್ರಮ್ಮಿನ್ಯಾಗ ಹಾಕ್ತೇವ್ರಿ. ಅದರಾಗ ಸಾಸಿವಿಕಾಳಿನಂಥಾ ಉಕ್ಕಿನ ಗುಂಡ ಜೋರ್ಲೆ ಬಡದ ಉಸುಕ, ಜಂಗ, ತುಕ್ಕ ಎಲ್ಲಾ ಹಾರಸ್ತಾವು. ಆ ಮಷಿನ್ನ ನಂದ್ರಿ. ಅಂದ್ರ, ಅದರ ಮ್ಯಾಲ ಇರಾಂವ ನಾನು. ಮಗನ ಕೆಲಸದಾಗ ನನ್ನ ಕೈಲೆ ಏನರ ಆಗೂಹಂಗ ಇದ್ದದ್ದು ಅದೊಂದಽ. …

ಅಂಗಿ ಒಯ್ದ ಅದರಾಗ ಹಾಕಿದೆ. …

ನಾಕ ನಿಮಿಷ್ರಿ. ಎರಕಕ್ಕ ಹದಿನೈದ ನಿಮಿಷ ಕೊಡತೇವಿ. ಇದು ನಾಜೂಕ ಐತಿ ಅಂತ ನಾಕಽ ಕೊಟ್ಟೆ. … ಬೆಳ್ಳಿ ಹಂಗ ಬಂತ್ರಿ. ಬಾಜೂ ನಿಂತಾವ್ರೆಲ್ಲಾ "ದಾದಾ, ಯಾವ ರಾಜಾಂದಲೇ ಇದು?" ಅಂದ್ರು. ಇಷ್ಟ ವರ್ಷದಾಗ ನಾ ಅಷ್ಟ ಖುಷಿ ಆಗಿದ್ದ ನೆನಪಿಲ್ರಿ. ಹೊಸಾ ಟಾವೆಲ್ಲಿನ್ಯಾಗ ಸುತ್ತಿ ಮನಿಗೆ ಒಯ್ದೆ. …

ಅಂವಾ ಆಗಷ್ಟ ಬಂದ ಕೈಕಾಲ ತೊಳಕೊಳ್ಳಾಕತ್ತಿದ್ದಾ. ಅಂಗಿಯ ಎರಡೂ ಭುಜ ಹಿಡದ ಎತ್ತಿ ತೋರಿಸಿದೆ, ನೋಡೋ ಸಮ್ಮೇದ ಅಂತ. ಎತ್ತಿದ ಕೂಡಲೇ ಉದರಾಕ ಹತ್ತಿದೂ ಅವ್ವಾರ. ಮೊದಲ ಒಂದೊಂದಽ ಉಂಗರ. ಆಮ್ಯಾಲ ಜ್ವಾಳದ ಚೀಲ ಹರದ್ಹಂಗ. ನನ್ನ ಕೈಯಾಗ ಎರಡ ಭುಜದ ತುಣಕ ಅಷ್ಟಽ ಉಳದೂ. …

ನಿನ್ನಿ ಸಮ್ಮೇದ ತಿಳಿಸಿ ಹೇಳಿದಾ, ಕಬ್ಬಣ ಎಂದೋ ತಿಂದಹೋಗಿತ್ತಂತ. ಒಳಗ ಕೂದಲೆಳಿಯಷ್ಟ ಇತ್ತಂತ. ನಿಮ್ಮ ಮನೀ ಸೊಸ್ಯಾರ ಹಚ್ಚಿದ ಎಣ್ಣಿನಽ ವರ್ಷಾ ವರ್ಷಾ ಒಣಗಿ ಅದನ್ನ ಹಿಡದ ನಿಂದರಿಸಿತ್ತು. ಆ ಕರೀನಽ ಅಂಗಿ ಆಗಿತ್ತ್ರಿ. ನಾ ಅದನ್ನ ಜಂಗ ಅಂದ್ಕೊಂಡೆ. …

…

ಹಲೋ? … ಅವ್ವಾರ? … ಅದೀರೇನ್ರಿ? …

ಕೇದಾರಾ… ಅವರನ್ನ ಕುಂದರಸಪಾ ಮೊದಲ. ನೀರ ಕೊಡು. … ಬೈಯಪಾ, ಆಮ್ಯಾಲ ಎಷ್ಟ ಬೇಕ ಅಷ್ಟ ಬೈ. ಈಗ ನೀರ ಕೊಡು. …

ಹಾಂ, ಅವ್ವಾರ. ಇಲ್ಲೇ ಅದೇನ್ರಿ. ಕೇಳಾಕತ್ತೇನಿ. …

ಅಂವಾ ಏನ ಅಂದಾ? … ಒದರಿದ್ರ ಬೇಷ ಇತ್ತು. ನೆಲದ ಮ್ಯಾಲ ಕುಂತ ಒಂದೊಂದಽ ಆರಿಸಿದಾ. ಯಾವ ರಾಜಾಂದೋ ಅಂತ ಮಂದಿ ಕೇಳಿದ್ರೋ ಅಂತ ನಾ ಏನೋ ಬಡಬಡಿಸಿದೆ. ಮಾರಿ ಎತ್ತಲಾರದ "ರಾಜಾಂದಲ್ಲ ಅಪ್ಪಾ, ಸೊಸ್ಯಾರದು" ಅಂದಾ. ಆಮ್ಯಾಲ "ಮಷಿನ್ನಿನ ಧೂಳ ಎಲ್ಲಿ ಬೀಳತೈತಿ?" ಅಂತ ಕೇಳಿದಾ. ಅಷ್ಟಽ. …

ನಿನ್ನಿ ನನ್ನ ಕೂಡನಽ ಬಂದಾ. ಧೂಳಿನ ಚೀಲ ಬಿಚ್ಚಿ, ಮನ್ಯಾಗಿನ ಹಿಟ್ಟಿನ ಸಾಣಗಿ ಹಿಡದ ಸಂಜಿತನಾ ಸಾಣಿಸಿದಾ. ಮುಖ ಮಾರಿ ಎಲ್ಲಾ ಕರ್ರಗ. ನಾಕ ದಿನದ ಎರಕದ ಉಸುಕ ಅದರಾಗ ಕೂಡೇತಿ. ನಿಮ್ಮ ಕರಿ ಯಾವದು, ನಮ್ಮ ಕಾರಖಾನಿ ಕರಿ ಯಾವದು, ಹೆಂಗ ತಿಳೀಬೇಕ್ರಿ? ಆದರೂ ಒಂದ ತುಪ್ಪದ ಡಬ್ಬಿ ತುಂಬಸ್ಯಾನ. ಅದನ್ನ ಹಿಡಕೊಂಡ ನಾಡದ ನಿಮ್ಮ ಮನಿಗೆ ಬರಾಂವ ಅದಾನ. ನಾನಽ ಮಾಡಿದೆ ಅಂತ ಹೇಳಾಂವ ಅದಾನ್ರಿ, ಅಪ್ಪನ ಹೆಸರ ತಗೆಯೂದಿಲ್ಲಂತ. ಅಲಕಾನ ಮುಂದ ಹೇಳ್ಯಾನ. ಅದಕ್ಕ ನಾ ಮೊದಲ ಫೋನ ಮಾಡಿದೆ. ಅಂವಾ ಹೇಳಿದ್ರ ನಂಬಬ್ಯಾಡ್ರಿ. ನಾ ಮಾಡಿದ್ದು. …

ಬೈರಿ ಅವ್ವಾರ. …

ಹಾಂ? … ಆಕಿ ಯಾವದಕ್ಕ ಎಣ್ಣಿ ಹಚ್ಚಬೇಕು… ಸ್ನೇಹಲಾ… ಹೌದ್ರಿ. … ಸಮ್ಮೇದ ಮಾಡಿದ್ದ ಅರ್ಧಾ ಅಂಗಿ ಐತ್ರಿ. ನಿಮ್ಮದಽ ನೋಡಿ, ಉಂಗರಕ್ಕ ಉಂಗರ ಹಚ್ಚಿ ನೋಡಿ ಮಾಡಿದ್ದು. ಬೇಕಾದ್ರ ಅದನ್ನಽ… …

ಇಲ್ರಿ. ಇಲ್ರಿ, ತಪ್ಪಾತು. ಅದರ ಮ್ಯಾಲ ನಿಮ್ಮ ಅತ್ತೀ ಕೈ ಇಲ್ಲ. ಖರೆ. ಬಾಯಿ ಬಿಟ್ಟ ಅನಬಾರದಿತ್ತು. …

ನಿಮ್ಮ ಅತ್ತೀನಽ ಹಚ್ಚಿಸಿದ್ರಾ… ಹದಿಮೂರ ವರ್ಷದಾಕಿ ಇದ್ರೇನ್ರಿ ನೀವು. … ಅವರ ನಿಮ್ಮ ಬೆರಳ ಹಿಡದ ಹಚ್ಚಿಸಿದ್ರು. … ಎಡ ಭುಜದ ಹಂತ್ಯಾಕ. … ಅವರದೊಂದ ಫೋಟೋ ಸುದ್ದಾ ಇಲ್ಲಾ? … ಸೀರಿ, ಬಳಿ, ಏನೂ? … ಏನೂ ಇಲ್ಲ. …

ಅಳಬ್ಯಾಡ್ರಿ ಅವ್ವಾರ. … ಅಲ್ಲ, ಅಳ್ರಿ. ಬ್ಯಾಡನ್ನಾಕ ನಾ ಯಾರು. …

ಒಂದ ಮಾತ… ಸಮ್ಮೇದ ಒಂದ ವಹಿ ಮಾಡ್ಯಾನ್ರಿ. ಹಳೇ ಮೋಡಿ ಲಿಪಿ ಕಾಗದಾ ಓದಾಕ ಕಲತ, ನಿಮ್ಮ ಮನೀ ಸೊಸ್ಯಾರ ಹೆಸರ ಹುಡಕ್ಯಾನ. ಏಳ ಹೆಸರ ಸಿಕ್ಕಾವು. ನಿಮ್ಮ ಅತ್ತೀದೂ ಐತಿ, ಅವರ ಅತ್ತೀದೂ ಐತಿ. ಅದನ್ನ ಕಳಸಲ್ಯಾ? … ಬ್ಯಾಡಾ. … ಹೆಸರ ತಗೊಂಡ ಎಣ್ಣಿ ಎಲ್ಲಿ ಹಚ್ಚಲಿ ಅಂತೀರಿ. ಹೌದ್ರಿ. …

ಏನಂದ್ರಿ? … ಸಮ್ಮೇದ ಬರಬಾರದಾ? …

ನವಮಿಗಷ್ಟಽ ಅಲ್ಲ, ಮುಂದೂ? … ಎಂದೂ ಬರಬಾರದಾ. …

ಅವ್ವಾರ, ಎರಡ ದಿನಾತ್ರಿ ಅಂವಾ ಉಂಡಿಲ್ಲ. ನಿಮ್ಮನ್ನ ಆಯಿ ಅಂತ ಬರೇ ಬಾಯಿಲೆ ಕರದಿಲ್ರಿ. ನಮ್ಮವ್ವ ಸತ್ತ ಮ್ಯಾಲ ಅವಗ ಆಯಿ ಅಂದ್ರ ನೀವಽ. ಒಳಗ ಕರೀಬ್ಯಾಡ್ರಿ. ಮಾತೂ ಆಡಿಸಬ್ಯಾಡ್ರಿ. ಡಬ್ಬಿ ಇಟ್ಟ ತಿರಗಿ ಬರತಾನ. ನಾ ಬರೂದಿಲ್ಲ, ನನ್ನ ಮಾರಿ ನೀವು ನೋಡೂದ ಬ್ಯಾಡ. ಅವನ್ನ ಅಷ್ಟಽ… …

ಹೌದ್ರಿ. … ಹೌದ್ರಿ, ವಿಭೂತಿ ಮುಟ್ಟಿದಾಂವ ಅಂವಾ. ನಾ ಅಲ್ಲ. … ಅಪ್ಪ ಮಾಡಿದ್ದ ಮಗಗ ಯಾಕ ಅಂತ ನಾ ಹೆಂಗ ಕೇಳ್ಲಿ, ಕೇಳಾಕ ಬಾಯಿ ಎಲ್ಲೈತಿ ನನಗ. …

ಸೈರನ್ ಆತ್ರಿ. ಆಗವಲ್ಲದ್ಯಾಕ, ಒಳಗ ಹೋಗೂದಿಲ್ಲ ನಾ. ನೀವು ಮಾತಾಡ್ರಿ. …

ದೇವರು ನನ್ನ ಬಾಯಿಲೆ ಕೇಳಬೇಕಾ? … ವೀರಭದ್ರನ ಮುಂದ ನಿಂತೀರೇನ್ರಿ ಈಗ. … ಫೋನ ದೇವರ ಕಡೆ ಹಿಡದೀರಾ. … ಆತ್ರಿ. ಹೇಳ್ತೇನಿ. …

ನಾ ಇಚಲಕರಂಜಿ ದಾದಾಸಾಹೇಬ. ಇದ್ದದ್ದ ಇದ್ದಂಗ ಇರತೈತಿ ಅಂತ ನನ್ನ ಮಗ ಸಮ್ಮೇದ ಮಾತ ಕೊಟ್ಟಿದ್ದಾ. ಆ ಮಾತ ಉಳೀಲಿಲ್ಲ. ಅಂವಾ ಮುರೀಲಿಲ್ಲ, ನಾ ಮುರದೆ. …

ಕೇಳಿಸ್ತೇನ್ರಿ? … ಅವ್ವಾರ? …

ಹಲೋ… ಹಲೋ…