ಬೆಳ್ಳಿಯ ಮುಖ, ನಾಲ್ಕು ಡಾಲ್ಫಿನ್

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾದಿದ್ದ ದರ್ಜಿಯ ಪಕ್ಕದಲ್ಲೇ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಗಂಡ ಹೆಣ್ಣಿನ ಮುಖ ಕೆತ್ತಿದ್ದ ಪ್ರಾಚೀನ ಗ್ರೀಕ್ ಬೆಳ್ಳಿನಾಣ್ಯವೊಂದನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ದರ್ಜಿಯ ಕಿವಿ ಅವರ ಮಾತಿನ ಕಡೆಗೇ ಇತ್ತು.

“ಇದು ಅವಳ ಮುಡಿ. ಸುತ್ತ ನಾಲ್ಕು ಡಾಲ್ಫಿನ್ ಈಜ್ತಿವೆ ಕಣೇ.”

“ಕಾಣುತ್ತಾ?”

“ಕಣ್ಣಿಗೆ ಬರೀ ಮಂಜು. ಬೆರಳಿಗೆ ಕಾಣುತ್ತೆ. ಎರಡು ಸಾವಿರ ವರ್ಷ ದಾಟಿದ್ರೂ ಆ ಕೆತ್ತಿದೋನ ಕೈ ಇನ್ನೂ ಬೆಚ್ಚಗಿದೆ.”

“ನಲವತ್ತು ವರ್ಷ ಭೂತಗನ್ನಡಿ ಹಿಡಿದು ಅವಳನ್ನೇ ನೋಡಿದ್ರಿ. ನನ್ನ ಮುಖ ನೆನಪಿದ್ಯಾ?”

“ಇತ್ತ ತಿರುಗು.”

“ಥೂ, ಜನ ಇದ್ದಾರೆ ರೀ.”

ಹಾಗಂದರೂ ಅವಳು ಮುಖ ಹಿಂದಕ್ಕೆಳೆಯಲಿಲ್ಲ. ಅವನ ಹೆಬ್ಬೆರಳು ಹಣೆಯಿಂದ ಕೆನ್ನೆಗಿಳಿದು ಅಲ್ಲೇ ನಿಂತಿತು.

“ಇಲ್ಲೊಂದು ಗುಳಿ ಇದೆಯಲ್ಲೇ! ನಾನು ನೋಡೇ ಇರ್ಲಿಲ್ಲ.”

“ಮದುವೆಗೆ ಮುಂಚಿನಿಂದ್ಲೂ ಇದೆ.”

ನರ್ಸ್ ಕರೆದಳು. ಹೆಂಡತಿ ಅವನ ತೋಳು ಹಿಡಿದು ನಿಧಾನವಾಗಿ ಒಳಗೆ ನಡೆಸಿಕೊಂಡು ಹೋದಳು.