ಗೋಡೆಯಾಚೆಗೆ ಒಂದು ಚಮಚ

ಒಂದೂರು. ಅಲ್ಲೊಬ್ಬ ಶ್ರೀಮಂತ. ಶ್ರೀಮಂತ ಅಂದ ಕೂಡಲೆ ಪಕ್ಕದವರ ಮುಖ ನೋಡಬೇಡಿ, ಕಥೆ ಹೇಳ್ತಿರೋದು ನಿಮಗೇ! ಆ ಊರಿನ ಮಕ್ಕಳೆಲ್ಲ ಬಡಕಲು. ಅವನಿಗೆ ಅಯ್ಯೋ ಅನ್ನಿಸ್ತು. ಪೌಷ್ಟಿಕ ಹಿಟ್ಟಿನ ಡಬ್ಬ ಮಾಡಿಸಿದ. ಮೇಲೆ ಅಪ್ಪನ ಹೆಸರು ಹಾಕಿಸಿದ. ಹಾಕಿಸದೆ ಬಿಡ್ತಾನಾ? ನೋಡಿ, ನಮ್ಮ ತಲೆ ಮೇಲೆ ತಿರುಗ್ತಿರೋ ಫ್ಯಾನಿನ ರೆಕ್ಕೆಯಲ್ಲೂ ಕೊಟ್ಟವರ ಹೆಸರಿದೆ.

ಹಿಟ್ಟಿನಿಂದ ನಿಜವಾಗಿ ಗುಣ ಆಗುತ್ತಾ ಅಂತ ತಿಳಿಯೋಕೆ ಅಂಕಿಸಂಖ್ಯೆ ಓದಿದ ಹೆಣ್ಣುಮಗಳೊಬ್ಬಳನ್ನು ಕರೆಸಿದ. ಆಕೆ ಅಂದಳು, "ಡಬ್ಬ ಎಲ್ಲರಿಗೂ ಸಾಲದು. ಚೀಟಿ ಎತ್ತಿಸೋಣ. ಅರ್ಧ ಮನೆಗಳಿಗೆ ಈಗ, ಉಳಿದವರಿಗೆ ಮುಂದಿನ ವರ್ಷ. ತಿಂದ ಮಕ್ಕಳು ತಿನ್ನದವರಿಗಿಂತ ಚೆನ್ನಾಗಿ ಬೆಳೆದರೆ ಹಿಟ್ಟು ಒಳ್ಳೇದು."

ವರ್ಷ ಕಳೀತು. ಮಕ್ಕಳನ್ನ ತೂಗಿದರು. ಏನು ವ್ಯತ್ಯಾಸ? ಏನೂ ಇಲ್ಲ! ಇವರೂ ಅಷ್ಟೇ, ಅವರೂ ಅಷ್ಟೇ. "ಈ ಸಲ ಬೆಳೆ ಚೆನ್ನಾಗಿತ್ತು, ಎಲ್ಲರೂ ಮೈ ತುಂಬ್ಕೊಂಡಿದಾರೆ. ಹಿಟ್ಟಿನಿಂದ ಏನೂ ಆಗಿಲ್ಲ. ನಾಳೆಯಿಂದ ಡಬ್ಬ ಬಂದ್!" ಅಂದ ಶ್ರೀಮಂತ.

ಆಗ ಡಬ್ಬ ಸಿಕ್ಕಿದ್ದ ಒಬ್ಬ ತಾಯಿ ಎದ್ದು ನಿಂತಳು. "ನಿಲ್ಲಿಸ್ಬೇಡಿ ಯಜಮಾನ್ರೇ. ನಾನು ಕೂಸಿಗೆ ತಿನ್ನಿಸ್ತಿದ್ರೆ ಗೋಡೆ ಆಚೆಯಿಂದ ಪಕ್ಕದ್ಮನೆ ಕೂಸು ನೋಡ್ತಿತ್ತು. ಅದರ ಬಾಯಿಗೂ ಒಂದು ಚಮಚ ಹಾಕ್ದೆ. ದಿನಾ ಹಾಕ್ದೆ. ಹೇಳಿದ್ರೆ ಡಬ್ಬ ಕಿತ್ಕೋತೀರಿ ಅಂತ ಸುಮ್ನಿದ್ದೆ."

ಹಿಂದಿನಿಂದ ಒಬ್ಬಳು, "ನಾನೂ ಹಾಕ್ದೆ." ಇನ್ನೊಬ್ಬಳು, "ನಾನೂ."

ಶ್ರೀಮಂತ ಕೆಂಡವಾದ. ಲೆಕ್ಕದಮ್ಮ? ನಕ್ಕುಬಿಟ್ಟಳು! ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ಸದ್ಯ, ಹೇಳಿದ್ಯಲ್ಲ ತಾಯಿ! ಎರಡೂ ಕಡೆ ಮಕ್ಕಳು ತಿಂದಿದಾವೆ, ಅದಕ್ಕೇ ವ್ಯತ್ಯಾಸ ಕಾಣ್ಲಿಲ್ಲ. ನನ್ನ ಲೆಕ್ಕ ಕೆಟ್ಟರೆ ಕೆಡ್ಲಿ. ಒಳ್ಳೇ ಹಿಟ್ಟನ್ನ ಕೈಯಾರೆ ನಿಲ್ಲಿಸಿಬಿಡ್ತಿದ್ದೆ." ಡಬ್ಬವೇ ಹೋಗದ ನೆರೆಯೂರಿಗೆ ಹೋಗಿ ತೂಗಿದಳು. ಅಲ್ಲೂ ಅದೇ ಮಳೆ, ಅದೇ ಬೆಳೆ. ಮಕ್ಕಳು ಮಾತ್ರ ಹಾಗೇ ಬಡಕಲು. ಶ್ರೀಮಂತನ ಸಿಟ್ಟು ಇಳೀತು. ಇನ್ನಷ್ಟು ಡಬ್ಬ ಮಾಡಿಸಿದ, ಎರಡೂರಿನ ಎಲ್ಲಾ ಮನೆಗೂ ಹೋಯ್ತು. ಅಬ್ಬಾ, ಎಂಥಾ ಅನಾಹುತ ತಪ್ಪಿತು ನೋಡಿ!

ಈಗ ಪ್ರಶ್ನೆ ನಿಮಗೆ. ಆ ತಾಯಿ ವರ್ಷವಿಡೀ ಯಾಕೆ ಬಾಯಿ ಮುಚ್ಕೊಂಡಿದ್ದಳು? ಕದ್ದಳಾ? ಇಲ್ಲ, ಹಂಚಿದಳು. ಹಂಚಿ ಹೆದರಿದಳು. ಕೊಟ್ಟವನ ಮುಖಕ್ಕೆ ಹೆದರಿದಳು! ನಿಮ್ಮ ಮನೇಲಿ ಅಂಥವರು ಇಲ್ವಾ? ಹಿಂಬಾಗಿಲಲ್ಲಿ ಕೆಲಸದವಳ ಮಗುವಿಗೆ ಹಾಲು ಕೊಟ್ಟು, ನಿಮ್ಮ ಹೆಜ್ಜೆ ಸದ್ದು ಕೇಳಿದ ಕೂಡಲೆ ಲೋಟ ತೊಳೆದು ಕವುಚಿಡೋ ಸೊಸೆ? ನಗಬೇಡಿ, ಮುಂದಿನ ಸಾಲಿನ ಅತ್ತೆಯಂದಿರೇ! ಇವತ್ತೇ ಹೋಗಿ ಹೇಳಿ, "ಕದ್ದು ಕೊಡಬೇಡ ಕಣಮ್ಮಾ, ನನ್ನ ಎದುರಿಗೇ ಕೊಡು." ಹೇಳಿ ಸುಮ್ಮನಾಗಬೇಡಿ. ನಾಳೆ ಬೆಳಿಗ್ಗೆ ಆ ಲೋಟ ನೀವೇ ತುಂಬಿಸಿ.