ಹನ್ನೊಂದು ಮನೆ, ಒಂದು ಒಲೆ

…ನೀವೇನೂ ಹೇಳ್ಬೇಡಿ ಅತ್ತಿಗೆ, ಮೊದಲು ನಾನು ಹೇಳೋದು ಕೇಳಿ. ಅಯ್ಯೋ, ನಗ್ತೀರಾ ಯಾಕೆ? ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಮುರಿದಿದೆ.

ನೋಡಿ, ಈ ಪಾರ್ಸಲ್ ಕಂಪನಿಗೆ ನೀವು ಬರೆದ ಪ್ರೋಗ್ರಾಂ ಇದೆಯಲ್ಲ, ಅದು ಕೆಟ್ಟದ್ದು ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ? ಮುದಿಯಾಗಿದೆ ಅಂದೆ. ಅಷ್ಟೇ! ಪಾರ್ಸಲ್ ತಗೊಳ್ಳೋದು, ತೂಕ, ಬಿಲ್, ಲಾರಿ, ವಿಳಾಸ, ಎಲ್ಲಾ ಒಂದೇ ಪ್ರೋಗ್ರಾಮಿನೊಳಗೆ. ಅದಕ್ಕೆ ಮೊನೊಲಿತ್ ಅಂತಾರೆ. ಅಂದ್ರೆ ಏನು ಅಂದ್ರೆ… ಗೊತ್ತು, ನಿಮಗೆ ಗೊತ್ತು, ಆದ್ರೂ ಹೇಳ್ತೀನಿ. ಕೂಡುಕುಟುಂಬ. ಒಂದೇ ಮನೆ, ಒಂದೇ ಒಲೆ. ಸೊಸೆ ಸೀನಿದ್ರೆ ಇಡೀ ಮನೆಗೆ ನೆಗಡಿ. ಬಿಲ್ ಕಡೆ ಒಂದು ಸಾಲು ತಿದ್ದಿದ್ರೆ ಲಾರಿ ದಾರಿ ತಪ್ಪುತ್ತೆ. ಏನು, ತಪ್ಪಿರಲಿಲ್ವಾ? ಸರಿ, ತಪ್ಪಿರಲಿಲ್ಲ. ತಪ್ಪಬಹುದಿತ್ತು!

ನಾನು ಮಾಡಿದ್ದೇನು? ಪಾಲು ಮಾಡಿದೆ. ಮೈಕ್ರೋಸರ್ವೀಸ್! ಹನ್ನೊಂದು ಪುಟ್ಟ ಪ್ರೋಗ್ರಾಂ, ಹನ್ನೊಂದು ಬೇರೆ ಬೇರೆ ಮನೆ. ಒಬ್ಬರ ಮನೆಯಲ್ಲಿ ಪಾತ್ರೆ ಸೀದರೆ ಪಕ್ಕದವರಿಗೆ ವಾಸನೆ ಕೂಡ ಬರಲ್ಲ. ಗೋಡೆ ಮೇಲಿನ ಸ್ಕ್ರೀನ್ ನೋಡಿ, ಮನೆಗೊಂದರಂತೆ ಹನ್ನೊಂದು ಹಸಿರು ಚೌಕ, ಎಲ್ಲಾ ಕ್ಷೇಮ ಅಂತ. ಕಂಪನಿ ಯಜಮಾನ್ರು ಮೊನ್ನೆ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರು.

ಹೌದು, ಹಳೇದನ್ನ ಇವತ್ತು ಅವರೆದುರಿಗೇ ಆಫ್ ಮಾಡಬೇಕು, ಬರೆದವರ ಕೈಯಿಂದಲೇ ಆಗಬೇಕು ಅಂತ ಹೇಳಿದ್ದೂ ನಾನೇ. ಗೌರವಕ್ಕೆ ಅತ್ತಿಗೆ, ಗೌರವಕ್ಕೆ! ಆಮೇಲೆ ನಿಮಗೆ ಇಲ್ಲಿ ಕೆಲಸ ಇರಲ್ಲ, ಅದು ಬೇಜಾರೇ… ನನ್ನನ್ನ ಇಲ್ಲಿಗೆ ಸೇರಿಸಿದ್ದು ನೀವು, ಮರೆತಿಲ್ಲ. ಅಣ್ಣನಿಗೂ ಹೇಳಿದ್ದೀನಿ, ಅತ್ತಿಗೆ ಇನ್ಮೇಲಾದ್ರೂ ಆರಾಮಾಗಿ ಮನೇಲಿರ್ಲಿ ಅಂತ. ಯಾಕೆ ಹಾಗೆ ನೋಡ್ತೀರಾ?

ಅದೇನು ಟೈಪ್ ಮಾಡ್ತಿದ್ದೀರಾ? ಹೊಸದರಲ್ಲಿ ಪಾರ್ಸಲ್ ಹುಡುಕ್ತೀರಾ? ಹುಡುಕಿ, ಹುಡುಕಿ! ನೋಡಿ, ಸಿಕ್ಕೇಬಿಡ್ತು. ಏನು ವೇಗ!

ಏನು… ಮೇಜಿನ ಕೆಳಗೆ? ನಿಮ್ಮ ಪ್ರೋಗ್ರಾಂ ಓಡೋ ಹಳೇ ಪೆಟ್ಟಿಗೆಯ ದೀಪ ಮಿಣುಕ್ತಾ? ಅದು… ಸುಮ್ಮನೆ ಮಿಣುಕುತ್ತೆ. ವಯಸ್ಸಾದವರು ನಿದ್ದೆಯಲ್ಲಿ ಗೊಣಗಲ್ವಾ, ಹಾಗೆ. ಈಗ ಬಿಲ್ ನೋಡ್ತೀರಾ? ಬಿಡಿ, ಬಿಲ್ಲಿಗೇನಾಗಿದೆ… ಹ್ಞೂ, ಮತ್ತೆ ಮಿಣುಕ್ತು. ಕಂಡೆ. ವಿಳಾಸ ಯಾಕೀಗ? ಅಯ್ಯೋ, ಸಾಕು ಅತ್ತಿಗೆ! ಹೊಸದಾಗಿ ಬೇರೆಯಾದವರು ಒಂದೊಂದು ಸಲ ಹಳೇ ಮನೆಗೆ ಬಂದು ಕೇಳ್ಕೊಂಡು ಹೋಗ್ತಾರೆ. ಉಪ್ಪು, ಬೆಂಕಿಪೊಟ್ಟಣ… ಚಿಕ್ಕಪುಟ್ಟದ್ದು. ಒಂದೊಂದು ಸಲ ಅಷ್ಟೇ.

ಬೈಯಿರಿ ಬೇಕಾದ್ರೆ. ಯಜಮಾನ್ರಿಗೆ ಮಾತ್ರ ಹೇಳ್ಬೇಡಿ…

ಯಜಮಾನ್ರ ಚಪ್ಪಲಿ ಸದ್ದು! ಬಂದ್ರು. ಅತ್ತಿಗೆ, ಸ್ವಿಚ್ ಹತ್ರ ಕೈ… ನಿಧಾನ! ಯಾಕೆ, ಯಾಕೆ ಪಕ್ಕಕ್ಕೆ ಸರಿದ್ರಿ? ಜಾಗ ನನಗಾ? ನಾನಾ? ನಾನು ಆಫ್ ಮಾಡಬೇಕಾ? ಇಲ್ಲಪ್ಪ, ನಿಮ್ಮ ಕೈಯಿಂದ ಅಂತ ತಾನೇ… ಅಯ್ಯೋ ಇಲ್ಲ, ನೀವೂ ಒತ್ತಬೇಡಿ! ಯಾರೂ ಒತ್ತಬೇಡಿ! ಈ ಒಲೆ ಆರಿದ್ರೆ ಹನ್ನೊಂದು ಮನೆಯೂ ಉಪವಾಸ!

ಬನ್ನಿ ಸರ್, ಬನ್ನಿ. ಎಲ್ಲಾ ರೆಡಿ. ಆ ಕುರ್ಚಿ ಬೇಡ ಸರ್, ಕಾಲು ಮುರಿದಿದೆ. ಅಂದ್ರೆ ಏನು ಅಂದ್ರೆ ಸರ್… ಅತ್ತಿಗೆ ಈಗ ಒಂದು ಮಾತು ಹೇಳ್ತಿದ್ರು. ಹಳೇದು ಇನ್ನೊಂದಿಷ್ಟು ದಿನ ಇರ್ಲಿ ಅಂತ. ಅದು ಇರೋವರೆಗೆ ಅವರೂ ಇರ್ಬೇಕಾಗುತ್ತೆ ಅಂತ… ಅಲ್ವಾ ಅತ್ತಿಗೆ?

ಅತ್ತಿಗೆ… ಏನಾದ್ರೂ ಹೇಳಿ.